ಕೇಳಿ ನೋಡಿ: ಹತ್ತು ಅಡಿಯ ಹಾಲ್‌ಗೆ ಎಂಥ ಸ್ಪೀಕರ್?

ದಸರಾ ಸೇಲ್‌ನ ಜಾಹೀರಾತು ಪೇಪರಿನ ಮೊದಲ ಪುಟ ಹಿಡಿಯಿತೆಂದರೆ ನನಗೆ ಬರುವ ಪತ್ರಗಳೂ ದುಪ್ಪಟ್ಟಾಗುತ್ತವೆ. ಈ ಸಲ ಮಿಕ್ಸರ್, ಇನ್ವರ್ಟರ್, ಗೀಸರ್ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಸ್ಪೀಕರ್‌ ಕುರಿತು ಬಂದವನ್ನಷ್ಟೇ ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೊಂದು ಮಾತು: ನಾನು ಹೊನ್ನಾವರದ ಕಡೆಯವನು. ಮುಂಬೈಗೆ ಬಂದು ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಸೋಲ್ಡರಿಂಗ್ ಐರನ್ ಹಿಡಿಯಲು ಕಲಿತೆ. ಈಗ ಡೊಂಬಿವಲಿಯಲ್ಲಿ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡಿಕೊಂಡಿದ್ದೇನೆ. ಮಾಲು ಮಾರುವವನಲ್ಲ, ಹಾಗಾಗಿ ಯಾರ ಹಂಗೂ ಇಲ್ಲ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತ, ಮೂಲ ಧಾರವಾಡ. ಕೇಳುವುದು ಹೆಚ್ಚಾಗಿ ಮನ್ಸೂರ್, ಗಂಗೂಬಾಯಿ, ಭೀಮಸೇನ ಜೋಶಿ. ಮನೆಯಾಕೆಗೆ ಭಾವಗೀತೆ. ನಮ್ಮ ಹಾಲ್ 10 ಅಡಿ ಅಗಲ, 14 ಅಡಿ ಉದ್ದ. 50 ಸಾವಿರ ತೆಗೆದಿಟ್ಟಿದ್ದೇನೆ. ಮಾಲ್‌ನ ಶೋರೂಮಿನಲ್ಲಿ ಕೇಳಿದೆ, ಎಲ್ಲವೂ ಭರ್ಜರಿಯಾಗಿಯೇ ಕೇಳಿಸಿದವು, ಏನೂ ತಿಳಿಯದೆ ವಾಪಸು ಬಂದೆ. ಮಗ ಎದೆಯೆತ್ತರದ ಟವರ್ ಸ್ಪೀಕರ್ ತನ್ನಿ ಎನ್ನುತ್ತಾನೆ. ಯಾವ ಕಂಪನಿಯದ್ದು ಒಳ್ಳೆಯದು?
— ಮುಲುಂಡ್‌ನ ಓದುಗರು

ಕಂಪನಿಯ ಹೆಸರನ್ನು ಕಡೆಗೆ ಹೇಳುತ್ತೇನೆ. ಮೊದಲು ಆ ಹಾಲ್ ವಿಷಯ ಮುಗಿಸೋಣ, ಯಾಕೆಂದರೆ ನೀವು ಕೇಳುವ ನಾದದಲ್ಲಿ ಅರ್ಧ ಪಾಲು ಅದರದ್ದೇ.

ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಹಾಕಿಕೊಂಡು ಉಬ್ಬುತ್ತವೆ. 10 ಅಡಿ ಅಂತರವಾದರೆ ಅದು ಸುಮಾರು 56 ಹರ್ಟ್ಜ್ (ಅಂದರೆ ಸೆಕೆಂಡಿಗೆ 56 ಕಂಪನ), 14 ಅಡಿಯಾದರೆ ಸುಮಾರು 40. ಟವರ್ ಸ್ಪೀಕರುಗಳು ಇಷ್ಟು ಕೆಳಗಿನ ಸ್ವರಗಳನ್ನು ಧಾರಾಳವಾಗಿ ಹೊರಹಾಕುತ್ತವೆ. ದೊಡ್ಡ ಹಾಲ್‌ನಲ್ಲಿ ಅದು ಗುಣ, ನಿಮ್ಮ ಹಾಲ್‌ನಲ್ಲಿ ತಲೆನೋವು. ಅದರ ಮೇಲೆ ನಮ್ಮ ಮುಂಬೈ ಮನೆಗಳಲ್ಲಿ ಸೋಫಾ ಯಾವಾಗಲೂ ಗೋಡೆಗೆ ಅಂಟಿಯೇ ಇರುತ್ತದೆ. ಗೋಡೆಗೆ ತಲೆ ಆನಿಸಿ ಕೂತವರಿಗೆ ಈ ಗುಮ್ಮ್ ಎನ್ನುವ ಬಾಸ್ ಎಲ್ಲರಿಗಿಂತ ಹೆಚ್ಚು ಕೇಳಿಸುತ್ತದೆ. ಡಗ್ಗಾ ಒಂದು ಪೆಟ್ಟು ಹಾಕಿದರೆ ಮುಂದಿನ ಎರಡು ಪೆಟ್ಟು ಅದರಡಿ ಮುಚ್ಚಿಹೋಗುತ್ತವೆ.

ಹಾಗಾದರೆ ನಿಮಗೆ ಎಷ್ಟು ಕೆಳಗಿನ ಸ್ವರ ಬೇಕು? ಹಾರ್ಮೋನಿಯಂನ ಕರಿ ಒಂದನ್ನು ಷಡ್ಜ ಮಾಡಿಕೊಂಡು ಹಾಡುವ ಗಂಡು ದನಿ ಎಂದಿಟ್ಟುಕೊಳ್ಳಿ. ಆ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ಖರಜದ ತಂತಿ ಅದರ ಅರ್ಧ, ಅಂದರೆ 70ರ ಆಸುಪಾಸು. ಐದೂಕಾಲು ಅಥವಾ ಆರೂವರೆ ಇಂಚಿನ ವೂಫರ್ (ಕೆಳಗಿನ ಸ್ವರ ನುಡಿಸುವ ದೊಡ್ಡ ಕೋನ್) ಇರುವ ಸಾಧಾರಣ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಸ್ಟ್ಯಾಂಡ್ ಮೇಲಿಡುವ ಚಿಕ್ಕ ಪೆಟ್ಟಿಗೆ, 55–60 ಹರ್ಟ್ಜ್‌ವರೆಗೆ ನೆಟ್ಟಗೆ ಇಳಿಯುತ್ತದೆ. ನಿಮ್ಮ ಸಂಗೀತ ಪೂರ್ತಿ ಅದರೊಳಗೆ ಬಂತು. ಅದಕ್ಕಿಂತ ಕೆಳಗೆ ಇರುವುದೆಲ್ಲ ಸಿನಿಮಾದ ಸ್ಫೋಟ ಮತ್ತು ಪೈಪ್ ಆರ್ಗನ್. ಮಗನಿಗೆ ಹೇಳಿ, ಟವರ್ ಅವನ ಮನೆಗೆ ತರಲಿ.

ಇನ್ನು ಶೋರೂಮ್. ಎಲ್ಲವೂ ಭರ್ಜರಿಯಾಗಿ ಕೇಳಿಸಿದ್ದು ಸಹಜ. ಅಲ್ಲಿ ಹಾಕುವ ಹಾಡನ್ನು ಆರಿಸಿರುವುದೇ ಹಾಗೆ ಕೇಳಿಸಲಿ ಎಂದು. ಮುಂದಿನ ಸಲ ನಿಮ್ಮದೇ ಹಾಡನ್ನು ಒಯ್ಯಿರಿ, ಟೋನ್, ಲೌಡ್‌ನೆಸ್ ಗುಂಡಿಗಳನ್ನೆಲ್ಲ ಆಫ್ ಮಾಡಲು ಹೇಳಿ. ಎರಡು ಜೊತೆ ಹೋಲಿಸುವಾಗ ವಾಲ್ಯೂಮ್ ಎರಡಕ್ಕೂ ಒಂದೇ ಇರಬೇಕು. ಒಂದೇ ಒಂದು ಡೆಸಿಬೆಲ್ ಜೋರಾದದ್ದು ನಮ್ಮ ಕಿವಿಗೆ ‘ಜೋರು’ ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಸೇಲ್ಸ್‌ಮನ್‌ಗೆ ಇದು ಚೆನ್ನಾಗಿ ಗೊತ್ತು. ಮೊಬೈಲಿನಲ್ಲಿ ಡೆಸಿಬೆಲ್ ಅಳೆಯುವ ಪುಕ್ಕಟೆ ಆ್ಯಪ್‌ಗಳಿವೆ, ಕೂರುವ ಜಾಗದಲ್ಲಿ ಅದನ್ನು ಹಿಡಿದುಕೊಂಡು ಸಮ ಮಾಡಿಸಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ಏನು ಕೇಳಬೇಕು? ಆಲಾಪಕ್ಕೆ ಮೊದಲು ಬರೀ ತಂಬೂರಿ ನುಡಿಯುತ್ತದಲ್ಲ, ಮೊದಲು ಅದನ್ನು. ಒಳ್ಳೆಯ ಸ್ಪೀಕರ್‌ನಲ್ಲಿ ನಾಲ್ಕು ತಂತಿಗಳೂ ಒಂದೊಂದಾಗಿ ಮೀಟಿದ್ದು ತಿಳಿಯುತ್ತದೆ. ಜವಾರಿಯ ಝೇಂಕಾರ ತಂತಿಯಿಂದ ಎದ್ದು ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ಕೆಟ್ಟದ್ದರಲ್ಲಿ ಖರಜ ಬರೀ ಗೊಣಗು, ಜವಾರಿ ಬರೀ ಸುರ್ರ್. ಆಮೇಲೆ ಗಂಗೂಬಾಯಿಯವರ ದನಿ ಹಾಕಿ. ಅಷ್ಟು ತುಂಬು, ಗಡಸು ಹೆಣ್ಣುದನಿಯನ್ನು ಸರಿಯಾಗಿ ದಾಟಿಸುವುದು ಅಗ್ಗದ ಪೆಟ್ಟಿಗೆಗೆ ಆಗದ ಮಾತು. ತೆಳು ಹಲಗೆಯ ಪೆಟ್ಟಿಗೆ ತಾನೂ ಆ ಸ್ವರಕ್ಕೆ ಅದುರಿ ತನ್ನದೊಂದು ದನಿ ಸೇರಿಸುತ್ತದೆ. ಆಗ ಅವರು ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ ಕೇಳುತ್ತದೆ. ಪೆಟ್ಟಿಗೆಯ ಮಗ್ಗುಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಡಬ್ ಎಂದರೆ ಬಿಡಿ, ಠಕ್ ಎಂದರೆ ಸರಿ. ಹಾಡುವವರು ಎರಡು ಸ್ಪೀಕರುಗಳ ನಡುವೆ ಖಾಲಿ ಜಾಗದಲ್ಲಿ ಕೂತಂತೆ ಅನ್ನಿಸಬೇಕು, ಎರಡು ಡಬ್ಬಿಗಳೊಳಗಿಂದ ಹಾಡಿದಂತಲ್ಲ. ಮನೆಯವರನ್ನೂ ಕರೆದುಕೊಂಡು ಹೋಗಿ. ಸಿ. ಅಶ್ವತ್ಥರ ಭಾವಗೀತೆಯೊಂದನ್ನು ಹಾಕಿಸಿ, ಸಾಲಿನ ಕೊನೆಯ ಸಣ್ಣಕ್ಷರವೂ ಕಿವಿಗೆ ಬಿತ್ತೇ ಎಂದು ಅವರನ್ನೇ ಕೇಳಿ. ಅವರ ಉತ್ತರಕ್ಕೆ ನಿಮ್ಮ ಉತ್ತರದಷ್ಟೇ ತೂಕ ಕೊಡಿ.

ನಿಮ್ಮದು ಹಳೆಯ ರೆಕಾರ್ಡಿಂಗ್‌ಗಳ ಭಂಡಾರ, ಇದನ್ನು ಮರೆಯಬಾರದು. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಗಂಗೂಬಾಯಿಯವರ 78 ಆರ್‌ಪಿಎಂ ತಟ್ಟೆಗಳಾಗಲಿ, ಆಕಾಶವಾಣಿಯ ಹಳೆ ಟೇಪುಗಳಾಗಲಿ, ಅವುಗಳ ಮೇಲಿನ ತುದಿಯಲ್ಲಿ ಸಂಗೀತಕ್ಕಿಂತ ಸವೆತದ ಸದ್ದೇ ಹೆಚ್ಚು. ಮೇಲಿನ ಸ್ವರವನ್ನು ಚೂಪಾಗಿ ಎತ್ತಿ ತೋರಿಸುವ ಸ್ಪೀಕರ್ ಶೋರೂಮಿನಲ್ಲಿ ‘ಸ್ಪಷ್ಟ’ ಅನ್ನಿಸುತ್ತದೆ, ಮನೆಯಲ್ಲಿ ಅರ್ಧ ಗಂಟೆಗೆ ಕಿವಿ ಸುಸ್ತು. ಬಟ್ಟೆಯ ಗುಮ್ಮಟದ ಮೆತ್ತಗಿನ ಟ್ವೀಟರ್ (ಮೇಲಿನ ಸ್ವರ ನುಡಿಸುವ ಪುಟ್ಟ ಸ್ಪೀಕರ್) ನಿಮಗೆ ಒಳ್ಳೆಯದು.

50 ಸಾವಿರವನ್ನು ಹೀಗೆ ಒಡೆಯಿರಿ: 28–30 ಸ್ಪೀಕರಿಗೆ, 15 ಸ್ಟಿರಿಯೊ ಆಂಪ್ಲಿಫೈಯರಿಗೆ, ಉಳಿದದ್ದು ಸ್ಟ್ಯಾಂಡ್ ಮತ್ತು ವೈರಿಗೆ. ಹೆಸರು ಬೇಕೆಂದರೆ, ವಾರ್ಫ್‌ಡೇಲ್‌ನ ಡೈಮಂಡ್ ಸರಣಿ, ಕ್ಯೂ ಅಕೌಸ್ಟಿಕ್ಸ್, ಎಲಾಕ್, ಡಾಲಿ, ಪೋಲ್ಕ್, ನಮ್ಮ ಕಲ್ಕತ್ತೆಯ ಸೊನೊಡೈನ್. ಇವುಗಳ ಕೆಳಮೆಟ್ಟಿಲಿನ ಬುಕ್‌ಶೆಲ್ಫ್ ಮಾದರಿಗಳನ್ನು ಕೇಳಿ. ನನ್ನ ಒಲವು ಡೈಮಂಡ್ ಕಡೆಗೆ. 1980ರ ದಶಕದಿಂದ ಆ ಸರಣಿ ಬರುತ್ತಲೇ ಇದೆ, ದನಿಯನ್ನು ಮೆತ್ತಗೆ, ಮೈತುಂಬಿ ಕೊಡುತ್ತದೆ. ಆದರೆ ನಿಮ್ಮ ಕಿವಿ ಬೇರೆ ಹೇಳಿದರೆ ನನ್ನ ಮಾತು ಬಿಡಿ.

ತಂದ ಮೇಲೆ ಟಿವಿ ಯೂನಿಟ್ಟಿನ ಗೂಡಿನೊಳಗೆ ಮಾತ್ರ ತುರುಕಬೇಡಿ ಮಾರಾಯ್ರೆ! ನಾನು ಮನೆಗಳಿಗೆ ಹೋದಾಗೆಲ್ಲ ನೋಡುವುದು ಇದನ್ನೇ: ಮೂವತ್ತು ಸಾವಿರದ ಸ್ಪೀಕರ್, ಒಂದು ಮಗ್ಗುಲಲ್ಲಿ ಗಣಪತಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಹೂದಾನಿ, ಹಿಂದೆ ಪ್ಲೈವುಡ್. ಸ್ಟ್ಯಾಂಡ್ ಮೇಲಿಡಿ, ಹಿಂದಿನ ಗೋಡೆಯಿಂದ ಒಂದಡಿಯಾದರೂ ಈಚೆಗೆ. ಎರಡರ ನಡುವೆ ಆರೇಳು ಅಡಿ, ನಿಮಗೂ ಅವಕ್ಕೂ ಹೆಚ್ಚುಕಡಿಮೆ ಅಷ್ಟೇ. ಟ್ವೀಟರ್ ನೀವು ಕೂತಾಗ ಕಿವಿಯ ಎತ್ತರಕ್ಕೆ ಬರಲಿ, ಸೋಫಾದಲ್ಲಿ ಅದು ನೆಲದಿಂದ 38 ಇಂಚಿನ ಸುಮಾರಿಗೆ. ಸ್ಟ್ಯಾಂಡನ್ನು ಗ್ರಿಲ್ ಮಾಡುವ ವೆಲ್ಡರ್ ಹತ್ತಿರ ಮಾಡಿಸಿ ಪೈಪಿನೊಳಗೆ ಒಣ ಮರಳು ತುಂಬಿಸಿದರೆ ಸಾಕು. ಸೋಫಾವನ್ನು ಒಂದಡಿ ಮುಂದೆಳೆಯಲು ಮನೆಯಾಕೆ ಒಪ್ಪಿದರೆ ಅದೇ ದೊಡ್ಡ ಲಾಭ.

ಹಾಲ್ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಹಿಂದೆಯೇ ಝಣ್ ಎಂಬ ಬಾಲ ಕೇಳಿಸಿದರೆ ಟೈಲ್ಸು ಮತ್ತು ಬೋಳು ಗೋಡೆಯ ಕಾಟ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಒಂದು ಗೋಡೆಗೆ ಪುಸ್ತಕದ ಕಪಾಟು. ಇಪ್ಪತ್ತು ವರ್ಷದ ದೀಪಾವಳಿ ವಿಶೇಷಾಂಕಗಳನ್ನು ರದ್ದಿಗೆ ಹಾಕಬೇಕೆಂದು ಮನೆಯಲ್ಲಿ ಜಗಳ ನಡೆಯುತ್ತಿದ್ದರೆ ಅವನ್ನು ಕಪಾಟಿಗೇರಿಸಲು ಇದು ಒಳ್ಳೆಯ ನೆಪ. ಇಷ್ಟಾದರೂ ಬಾಸ್ ಗುಮ್ಮೆಂದರೆ ಸ್ಪೀಕರಿನ ಹಿಂದಿನ ತೂತಿಗೆ ಒಗೆದ ಕಾಲುಚೀಲವೊಂದನ್ನು ಸುತ್ತಿ ತುರುಕಿ. ನಗಬೇಡಿ, ಕೆಲವು ಕಂಪನಿಗಳು ಇದೇ ಕೆಲಸಕ್ಕೆ ಫೋಮ್ ಬಿರಡೆಯನ್ನು ಡಬ್ಬದಲ್ಲೇ ಇಟ್ಟು ಕೊಡುತ್ತವೆ.

ಪ್ರಶ್ನೆ: ಒಂದರ ಮೇಲೆ 3000 ವ್ಯಾಟ್ ಪಿಎಂಪಿಒ ಎಂದಿದೆ, ಇನ್ನೊಂದರ ಮೇಲೆ 50 ವ್ಯಾಟ್ ಆರ್‌ಎಂಎಸ್. ಬೆಲೆ ಮಾತ್ರ ಎರಡನೆಯದರದ್ದೇ ಹೆಚ್ಚು. ಇದೇನು ನ್ಯಾಯ?
— ಘಾಟ್‌ಕೋಪರ್‌ನ ಕಾಲೇಜು ಹುಡುಗ

ಪಿಎಂಪಿಒಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಕಣ್ಣು ರೆಪ್ಪೆ ಬಡಿಯುವುದರೊಳಗೆ ಬಂದು ಹೋಗುವ ಕಾಲ್ಪನಿಕ ತುದಿ ಅದು. ಓದದೆ ಬಿಡು. ಆರ್‌ಎಂಎಸ್ ಎಂದರೆ ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ. ಅದಕ್ಕಿಂತ ಮುಖ್ಯ ಅಂಕಿ ಇನ್ನೊಂದಿದೆ, ಯಾರೂ ಕೇಳುವುದಿಲ್ಲ: ಸೆನ್ಸಿಟಿವಿಟಿ. 87 ಡೆಸಿಬೆಲ್ ಎಂದು ಬರೆದಿದ್ದರೆ, 8 ಓಮ್ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ನೀನು ಎರಡು ಮೀಟರ್ ದೂರ ಕೂತರೆ 6 ಕಳೆ, ಸ್ಪೀಕರ್ ಎರಡಿರುವುದಕ್ಕೆ 3 ಕೂಡಿಸು, 84 ಆಯಿತು. ಎದುರು ಕೂತು ಮಾತಾಡುವವರ ದನಿ 60ರ ಸುಮಾರು. ಅಂದರೆ ಒಂದೇ ವ್ಯಾಟಿಗೆ ಮನೆ ತುಂಬುತ್ತದೆ! ವ್ಯಾಟ್ ದುಪ್ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್. 50 ಎನ್ನುವುದು ತಬಲಾದ ಹಠಾತ್ ಪೆಟ್ಟಿಗೆ ಕಾದಿಟ್ಟ ಬಲ, ಅಷ್ಟಿದ್ದರೆ ಧಾರಾಳ.

ಪ್ರಶ್ನೆ: ತೀರಿಹೋದ ತಂದೆ ಮುರ್ಮಗಾಂವ್ ಬಂದರಿನಲ್ಲಿ ಕೆಲಸಕ್ಕಿದ್ದಾಗ ಹಡಗಿನವರೊಬ್ಬರಿಂದ ಕೊಂಡ ದೊಡ್ಡ ವಿದೇಶಿ ಸ್ಪೀಕರುಗಳು ಮನೆಯಲ್ಲಿವೆ. ಪರದೆ ತೆಗೆದರೆ ವೂಫರಿನ ಸುತ್ತಲಿನ ಸ್ಪಂಜು ಕೈಗೆ ಅಂಟುವ ಕರಿಪುಡಿಯಾಗಿದೆ. ಅಂಗಡಿಯವರು ಬಿಸಾಡಿ ಹೊಸದು ಕೊಳ್ಳಿ ಎಂದರು.
— ವಾಸ್ಕೊದ ಓದುಗರು

ಬಿಸಾಡಬೇಡಿ. ಸತ್ತದ್ದು ಸ್ಪೀಕರ್ ಅಲ್ಲ, ಅದರ ಅಂಚು.

ಕೋನ್ ಹಿಂದೆಮುಂದೆ ಆಡಲೆಂದು ಅದರ ಸುತ್ತ ಒಂದು ಮೆತ್ತನೆಯ ಉಂಗುರ ಇರುತ್ತದೆ. ರಬ್ಬರಿನದ್ದಾದರೆ ದಶಕಗಟ್ಟಲೆ ಬಾಳುತ್ತದೆ. ಫೋಮಿನದ್ದಾದರೆ ತೇವಕ್ಕೆ, ಗಾಳಿಗೆ, ಬಿಸಿಲಿಗೆ ಹದಿನೈದು-ಇಪ್ಪತ್ತು ವರ್ಷದಲ್ಲಿ ಹಿಟ್ಟಾಗುತ್ತದೆ. ಸಮುದ್ರದಂಚಿನ ವಾಸ್ಕೊದಲ್ಲಿ ಇನ್ನೂ ಬೇಗ. ನಮ್ಮ ಕರಾವಳಿಯವರಿಗೆ ಹೊಸ ಸ್ಪೀಕರ್ ಕೊಳ್ಳುವಾಗಲೂ ನಾನು ಹೇಳುವುದು ಇದನ್ನೇ: ಬೆರಳಿಂದ ಅಂಚು ಮುಟ್ಟಿ ನೋಡಿ, ರಬ್ಬರ್ ಇದ್ದರಷ್ಟೇ ಮುಂದಿನ ಮಾತು.

ರಿಪೇರಿಗೆ ಮೊದಲು ಎರಡು ಪರೀಕ್ಷೆ ಮನೆಯಲ್ಲೇ ಮಾಡಿ. ವೂಫರಿನ ವೈರ್ ಬಿಚ್ಚಿ, ಮಲ್ಟಿಮೀಟರನ್ನು ಓಮಿಗೆ ತಿರುಗಿಸಿ ಎರಡು ತುದಿಗೆ ಹಿಡಿಯಿರಿ. 8 ಓಮಿನದ್ದು ಆರರ ಸುಮಾರು ತೋರಿಸಿದರೆ ಸುರುಳಿ ಬದುಕಿದೆ. ಏನೂ ತೋರಿಸದಿದ್ದರೆ ಸುಟ್ಟಿದೆ. ಆಮೇಲೆ ಎರಡೂ ಹೆಬ್ಬೆರಳುಗಳನ್ನು ಕೋನಿನ ಎದುರುಬದುರು ಇಟ್ಟು ನಿಧಾನ ಒಳಗೆ ಒತ್ತಿ. ಸದ್ದಿಲ್ಲದೆ ಹೋಗಿ ಬಂದರೆ ಸಂತೋಷ. ಕರ್ ಕರ್ ಎಂದರೆ ಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಅಂಚಿನ ಹಿಡಿತ ಹೋಗಿ ಕೋನ್ ವಾಲಿದ್ದರಿಂದಲೂ ಹಾಗಾಗಬಹುದು, ಅದಕ್ಕೆ ಎದೆಗುಂದಬೇಡಿ.

ಕೆಲಸ ತಾಳ್ಮೆಯದ್ದು. ಹಳೆಯ ಅಂಟನ್ನು ಕೋನಿನ ಕಾಗದ ಹರಿಯದಂತೆ ಕೆರೆದು ತೆಗೆಯಬೇಕು. ನಡುವಿನ ಗುಮ್ಮಟ ಬಿಡಿಸಿ, ಸುರುಳಿ ಮತ್ತು ಕಬ್ಬಿಣದ ನಡುವಿನ ಸಂದಿಗೆ ಸುತ್ತಲೂ ತೆಳು ಪ್ಲಾಸ್ಟಿಕ್ ಪಟ್ಟಿಗಳನ್ನು ಇಳಿಬಿಟ್ಟು ಕೋನನ್ನು ನಟ್ಟನಡುವೆ ನಿಲ್ಲಿಸಬೇಕು. ನಾನು ಹಳೆ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿಕೊಳ್ಳುತ್ತೇನೆ. ಹೊಸ ಉಂಗುರವನ್ನು ಮೊದಲು ಕೋನಿಗೆ, ಅದು ಕಚ್ಚಿದ ಮೇಲೆ ಚೌಕಟ್ಟಿಗೆ ಅಂಟಿಸಬೇಕು. ಒಂದು ರಾತ್ರಿ ಮುಟ್ಟಬಾರದು. ಮರುದಿನ ಪಟ್ಟಿಗಳನ್ನು ಎಳೆದು 30 ಹರ್ಟ್ಜ್ ಸ್ವರ ಹಾಕಿದರೆ ಕೋನ್ ಸದ್ದಿಲ್ಲದೆ ಉಸಿರಾಡಬೇಕು. ಅಳತೆಯ ಉಂಗುರಗಳು ಆನ್‌ಲೈನಿನಲ್ಲಿ ಸಿಗುತ್ತವೆ, ರಬ್ಬರಿನದ್ದು ಹಾಕಿದರೆ ಸ್ವಲ್ಪ ಬಿಗಿಯಾಗಿ ಬಾಸ್ ಬದಲಾಗಬಹುದು, ಆದ್ದರಿಂದ ಮೂಲದಂತೆ ಫೋಮೇ ಹಾಕಿಸಿ. ಮತ್ತೊಮ್ಮೆ ಪುಡಿಯಾಗುವಷ್ಟರಲ್ಲಿ ನಿಮ್ಮ ಮಕ್ಕಳ ಸರದಿ ಬಂದಿರುತ್ತದೆ. ಪೆಟ್ಟಿಗೆ ಬಿಚ್ಚಿದ ಮೇಲೆ ಕ್ರಾಸ್‌ಓವರ್ ಪ್ಲೇಟಿನ (ಮೇಲಿನ, ಕೆಳಗಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಸರ್ಕ್ಯೂಟ್) ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಅದೇ ಮೌಲ್ಯದ ಹೊಸ ನಾನ್‌ಪೋಲಾರ್‌ಗೆ ಬದಲಿಸಿಬಿಡಿ. ಅವೂ ಒಣಗಿರುತ್ತವೆ. ಇಷ್ಟೆಲ್ಲ ಮಾಡಿದರೂ ಹೊಸ ದೊಡ್ಡ ಸ್ಪೀಕರಿನ ಬೆಲೆಯ ಹತ್ತಿರವೂ ಹೋಗುವುದಿಲ್ಲ.

ಪ್ರಶ್ನೆ: ಮನೆಯವರಿಗೆ ಟಿವಿ ಕೆಳಗೆ ಸೌಂಡ್‌ಬಾರ್ ಬೇಕು, ನನಗೆ ಹಾಡು ಕೇಳಲು ಸ್ಪೀಕರ್ ಬೇಕು. ಎರಡಕ್ಕೂ ಜಾಗವಿಲ್ಲ. ಸಬ್‌ವೂಫರ್ ಇರುವ ಸೌಂಡ್‌ಬಾರ್ ಸಂಗೀತಕ್ಕೂ ಆಗುತ್ತದೆ ಎನ್ನುತ್ತಾರೆ, ನಿಜವೇ?
— ಪುಣೆಯ ಕೊಥ್ರೂಡ್‌ನ ಓದುಗಿ

ಸಿನಿಮಾದ ಮಾತಿಗೆ ಆಗುತ್ತದೆ, ಹಾಡಿಗೆ ಅಷ್ಟಕ್ಕಷ್ಟೆ. ಸೌಂಡ್‌ಬಾರಿನ ಎಡಬಲ ಸ್ಪೀಕರುಗಳ ನಡುವೆ ಸಾಮಾನ್ಯವಾಗಿ ಮೂರಡಿಯ ಸುಮಾರು ಇರುತ್ತದೆ, ಒಳಗೆ ಕೂತವು ಅಂಗೈಯಗಲದ್ದೂ ಇರುವುದಿಲ್ಲ. ದನಿಯ ಕೆಳಭಾಗವನ್ನು ಅವು ಹೊರಲಾರವು, ಅದನ್ನು ಮೂಲೆಯಲ್ಲಿರುವ ಸಬ್‌ವೂಫರಿಗೆ ದಾಟಿಸುತ್ತವೆ. ಗಾಯಕರ ಗಂಟಲು ಟಿವಿ ಕೆಳಗೆ, ಎದೆ ಮೂಲೆಯಲ್ಲಿ! ಡಿಸೆಂಬರಿನ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಚಾಪೆ ಹಾಸಿ ಕೂತು ಕೇಳಿದ ಪುಣೆಯವರಿಗೆ ಇದು ಒಗ್ಗುವುದು ಕಷ್ಟ. ಎಚ್‌ಡಿಎಂಐ ಎಆರ್‌ಸಿ (ಟಿವಿಯ ಸದ್ದನ್ನು ಸ್ಪೀಕರಿಗೆ ತರುವ ಕೇಬಲ್ ಸಂಪರ್ಕ) ಇರುವ ಒಂದು ಜೊತೆ ಆ್ಯಕ್ಟಿವ್ ಸ್ಪೀಕರ್ ತನ್ನಿ, ಆಂಪ್ಲಿಫೈಯರ್ ಅವುಗಳ ಹೊಟ್ಟೆಯೊಳಗೇ ಇರುತ್ತದೆ. ಟಿವಿಯ ಎರಡು ಮಗ್ಗುಲಿಗೆ ಒಂದೊಂದು. ಟಿವಿ ರಿಮೋಟಿನಿಂದಲೇ ವಾಲ್ಯೂಮ್ ಏರಿಳಿಯುತ್ತದೆ, ಮನೆಯವರ ಕ್ರಿಕೆಟ್ಟಿಗೂ ಆಯಿತು, ಮೊಬೈಲಿನಿಂದ ಬ್ಲೂಟೂತ್‌ನಲ್ಲಿ ನಿಮ್ಮ ಹಾಡಿಗೂ ಆಯಿತು.

ಪ್ರಶ್ನೆ: ಭಾನುವಾರ ಯಕ್ಷಗಾನದ ಹಳೆಯ ರೆಕಾರ್ಡಿಂಗ್ ಹಾಕಿದರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಚಂಡೆಯ ಸದ್ದು ತಗ್ಗಿಸಲು ಟ್ರೆಬಲ್ ಪೂರ್ತಿ ಇಳಿಸಿದರೂ ತಕರಾರು ನಿಂತಿಲ್ಲ.
— ಠಾಣೆಯ ಓದುಗರು

ಚಂಡೆಯ ಮೇಲೆ ಸುಮ್ಮನೆ ಅಪವಾದ. ಅದರ ಚೂಪು ಸದ್ದನ್ನು ಗೋಡೆ, ಸ್ಲ್ಯಾಬ್‌ಗಳೇ ತಡೆಯುತ್ತವೆ. ಕೆಳಗಿಳಿಯುವುದು ಬಾಸ್, ಅದೂ ಬರೀ ಗಾಳಿಯಿಂದಲ್ಲ, ನೆಲದ ಮೇಲಿಟ್ಟ ಪೆಟ್ಟಿಗೆಯ ಅದುರಿನಿಂದಲೂ. ನೀವು ಟ್ರೆಬಲ್ ಇಳಿಸಿ, ಏನೂ ಕೇಳಿಸುತ್ತಿಲ್ಲವೆಂದು ವಾಲ್ಯೂಮ್ ಏರಿಸಿರಬೇಕು, ಅಲ್ಲವೇ? ಅಲ್ಲಿಗೆ ಕೆಳಗಿನವರಿಗೆ ಇನ್ನಷ್ಟು ಬಾಸ್. ಟ್ರೆಬಲ್ ಮೊದಲಿದ್ದಲ್ಲಿಗೆ ತನ್ನಿ, ಬಾಸ್ ಇಳಿಸಿ, ಸಬ್‌ವೂಫರ್ ಇದ್ದರೆ ಆಫ್ ಮಾಡಿ. ಸ್ಪೀಕರಿನಡಿ ವಾಷಿಂಗ್ ಮೆಷಿನ್ನಿಗೆ ಹಾಕುವಂಥ ದಪ್ಪ ರಬ್ಬರ್ ಮೆತ್ತೆ ಇಡಿ, ಮೂಲೆಯಿಂದ ಈಚೆಗೆ ಎಳೆಯಿರಿ. ಕಾನೂನೂ ತಿಳಿದಿರಲಿ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ನಿಮ್ಮ ಮನೆಯ ಸದ್ದು ನಿಮ್ಮ ಗಡಿಯಲ್ಲಿ ಅದನ್ನು 5ಕ್ಕಿಂತ ಹೆಚ್ಚು ಮೀರಬಾರದು. ಇಡೀ ರಾತ್ರಿಯ ಪ್ರಸಂಗವೇ ಬೇಕೆಂದರೆ ಹೆಡ್‌ಫೋನ್ ಹಾಕಿಕೊಳ್ಳಿ, ಅಥವಾ ಕೆಳಗಿನವರನ್ನೂ ಚಹಾಕ್ಕೆ ಕರೆಯಿರಿ.

ಪ್ರಶ್ನೆ: ಬೆಳ್ಳಿ ಲೇಪದ ಸ್ಪೀಕರ್ ವೈರ್ ಮೀಟರಿಗೆ 2500 ರೂಪಾಯಿ ಹೇಳಿದ್ದಾರೆ. ಹಾಕಿಸಲೇ?
— ಮಾಟುಂಗದ ಓದುಗರು

ಬೇಡ. 16 ಗೇಜಿನ ಶುದ್ಧ ತಾಮ್ರದ ವೈರ್ ನಾಲ್ಕೈದು ಮೀಟರಿಗೆ ಸಾಕು, 4 ಓಮ್ ಸ್ಪೀಕರಾದರೆ ಅದಕ್ಕಿಂತ ದಪ್ಪದ 14 ಗೇಜ್. ತಾಮ್ರ ಬಳಿದ ಅಲ್ಯೂಮಿನಿಯಂ ಕೊಟ್ಟಾರು, ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸು ಕೊಡಿ. ಕೆಂಪಿಗೆ ಕೆಂಪು, ಕರಿಗೆ ಕರಿ ಎರಡೂ ಕಡೆ ಕೂಡಿದೆಯೇ ಎನ್ನುವುದು ಬೆಳ್ಳಿಗಿಂತ ಮುಖ್ಯ. ಒಂದು ಕಡೆ ಅದಲುಬದಲಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದು ಬಾಸ್ ಮಾಯವಾಗುತ್ತದೆ. ಅನುಮಾನವಿದ್ದರೆ ಎರಡೂ ಸ್ಪೀಕರುಗಳನ್ನು ಮುಖಕ್ಕೆ ಮುಖ ಕೊಟ್ಟು ಒಂದಿಂಚು ಅಂತರದಲ್ಲಿಟ್ಟು ಹಳೆಯ ಮೋನೊ ಹಾಡೊಂದನ್ನು ಹಾಕಿ. ತಬಲಾ ಬಡಕಲಾಗಿ ಕೇಳಿಸಿದರೆ ಒಂದು ಸ್ಪೀಕರಿನ ಹಿಂದೆ ಎರಡು ವೈರುಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ.